ಮೊದಲು ಸಾಲ ತೀರಿಸ್ಕೊಂಡು ಬನ್ನಿ ಅನ್ನೋರಿಗೆ

ಬ್ಯಾಂಕಿನ ಕೌಂಟರಲ್ಲಿ, ಯೂಟ್ಯೂಬಿನ ಹಣಕಾಸು ಪಂಡಿತರ ಬಾಯಲ್ಲಿ, ಈಗ ನಮ್ಮದೇ ಸಂಘಟನೆಗಳ ವಾಟ್ಸಾಪ್ ಗುಂಪುಗಳಲ್ಲೂ ಒಂದೇ ಮಾತು: "ಹೋಮ್ ಲೋನ್‌ಗೆ ಅರ್ಜಿ ಹಾಕೋಕೆ ಮುಂಚೆ ಪರ್ಸನಲ್ ಲೋನೆಲ್ಲ ಕ್ಲಿಯರ್ ಮಾಡ್ಕೊಳ್ಳಿ." ಅದರ ಬಾಲಕ್ಕೆ ಇನ್ನೊಂದು ಮಾತು ಅಂಟ್ಕೊಂಡೇ ಬರುತ್ತೆ: "ಶಿಸ್ತು ಬೇಕು ಸಾರ್, ಆಸೆ ಕಡಿಮೆ ಮಾಡ್ಕೋಬೇಕು." ಮೊದಲನೇ ಮಾತಿನ ಲೆಕ್ಕ ಸರಿಯಿದೆ. ಎರಡನೇ ಮಾತಿನ ಮೇಲೆ ನನ್ನ ಜಗಳ.

ಲೆಕ್ಕ ಮೊದಲು ಹೇಳಿಬಿಡ್ತೀನಿ, ಗುಮಾಸ್ತನಲ್ವಾ. ಕೈಗೆ ಬರೋ ಸಂಬಳ 38,000 ಅಂತಿಟ್ಕೊಳ್ಳಿ. ಎಲ್ಲ ಕಂತು ಸೇರಿ ಸಂಬಳದ ಅರ್ಧದ ಆಸುಪಾಸು ದಾಟಬಾರದು ಅನ್ನೋದು ಬಹುತೇಕ ಬ್ಯಾಂಕುಗಳ ಅಳತೆ. ಅಂದ್ರೆ 19,000. ಶೇ 8.5ರ ಬಡ್ಡಿಗೆ 20 ವರ್ಷದ ಗೃಹ ಸಾಲಕ್ಕೆ ಲಕ್ಷಕ್ಕೆ ಸುಮಾರು 868 ರೂಪಾಯಿ ಕಂತು. ಬೇರೆ ಸಾಲ ಇಲ್ಲದಿದ್ರೆ ಹೆಚ್ಚುಕಮ್ಮಿ 22 ಲಕ್ಷ ಸಿಗುತ್ತೆ. ಈಗ ಶೇ 16ರಲ್ಲಿ 5 ವರ್ಷಕ್ಕೆ ತಗೊಂಡ 3 ಲಕ್ಷದ ಪರ್ಸನಲ್ ಲೋನ್ ಇದೆ ಅನ್ನಿ. ಅದರ ಕಂತು ಸುಮಾರು 7,300. ಬೈಕಿಗೆ ಇನ್ನೊಂದು 2,900. ಉಳಿದದ್ದು 8,800. ಅದಕ್ಕೆ ಸಿಗೋದು ಬರೀ 10 ಲಕ್ಷ ಚಿಲ್ಲರೆ. 3 ಲಕ್ಷದ ಒಂದು ಸಾಲ 8 ಲಕ್ಷಕ್ಕೂ ಹೆಚ್ಚು ಮನೆಯನ್ನ ತಿಂದುಹಾಕುತ್ತೆ. ಹಾಗಾಗಿ ಸಾಲ ತೀರಿಸಿ ಅನ್ನೋದು ತಪ್ಪು ಸಲಹೆ ಅಂತ ನಾನು ಹೇಳಲ್ಲ.

ಆದ್ರೆ ಆ 3 ಲಕ್ಷ ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ ನೋಡಿ.

ನನ್ನ ಪಕ್ಕದ ಮೇಜಿನವರದ್ದೂ ನನ್ನಷ್ಟೇ ಸಂಬಳ, ನನ್ನಷ್ಟೇ ಸರ್ವೀಸು. ಅವರ ಡೌನ್ ಪೇಮೆಂಟು ಅಪ್ಪನ ಅಡಿಕೆ ತೋಟದಿಂದ ಬಂತು. ಅವರ ಮನೇಲಿ ಅವರದ್ದು ಮೂರನೇ ತಲೆಮಾರಿನ ಸಂಬಳ. ನಮ್ಮ ಮನೇಲಿ ನಂದೇ ಮೊದಲನೇದು. ಮೊದಲನೇ ಸಂಬಳ ಅಂದ್ರೆ ಏನು ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವ್ವನ ಆಪರೇಷನ್ನು, ತಮ್ಮನ ನರ್ಸಿಂಗ್ ಫೀಸು, ತಂಗಿ ಮದುವೆ, ಚಿಕ್ಕಪ್ಪನ ತಿಥಿ, ಎಲ್ಲ ಅದರ ಮೇಲೇ. ನಮ್ಮ ಪರ್ಸನಲ್ ಲೋನು ಪರ್ಸನಲ್ ಆಗಿದ್ದು ಯಾವತ್ತು ಸ್ವಾಮಿ? ಇಡೀ ಕೇರಿಯ ಸಾಲ ಒಬ್ಬನ ಪ್ಯಾನ್ ನಂಬರಿನ ಮೇಲೆ ಕೂತಿರುತ್ತೆ. ಸಿಬಿಲ್ ರಿಪೋರ್ಟಲ್ಲಿ ಜಾತಿಯ ಕಾಲಂ ಇಲ್ಲ, ನಿಜ. 300ರಿಂದ 900ರವರೆಗೆ ಅಂಕ ಅಷ್ಟೇ. ಆದ್ರೆ ಅಪ್ಪನ ತೋಟ ಇದ್ದೋನ ಅಂಕಕ್ಕೆ ಶಿಸ್ತು ಅಂತ ಹೆಸರು, ತೋಟದಲ್ಲಿ ಕೂಲಿ ಮಾಡಿದೋರ ಮಗನ ಅಂಕಕ್ಕೆ ಆಸೆಬುರುಕತನ ಅಂತ ಹೆಸರು.

ಇದನ್ನ ಜೀತ ಅಂತ ಬರೆಯೋ ಗೆಳೆಯರಿದ್ದಾರೆ. ನಾನು ಒಪ್ಪಲ್ಲ. 1976ರಲ್ಲಿ ಜೀತ ನಿರ್ಮೂಲನಾ ಕಾಯ್ದೆ ಬಂತಲ್ಲ, ಅದಕ್ಕೂ ಮುಂಚೆ ಮೈಯನ್ನೇ ಅಡ ಇಟ್ಟೋರು ನಮ್ಮ ತಾತಂದಿರು. ಕಂತು ಕಟ್ಟೋ ನನ್ನನ್ನ ಅವರ ಸಾಲಿಗೆ ಸೇರಿಸಬೇಡಿ. ಇದು ಬೇರೆ ಥರದ ಕಟ್ಟು, ಇದರ ಬಗ್ಗೆ ಬೇರೇನೇ ಮಾತಾಡಬೇಕು.

ಮನೆ ಯಾಕೆ ಬೇಕು ಅನ್ನೋದನ್ನೂ ಮರೀಬೇಡಿ. ಬಾಡಿಗೆ ಕೇಳೋಕೆ ಹೋದ್ರೆ "ನಾನ್‌ವೆಜ್ ತಿಂತೀರಾ" ಅಂತ ಶುರುವಾಗಿ "ನೀವು ಯಾವ ಪೈಕಿ" ಅಂತ ಮುಗಿಯುತ್ತೆ. ಆಮೇಲೆ "ಮಗಳು ಬರ್ತಿದಾಳೆ, ಮನೆ ಕೊಡಲ್ಲ." ನನಗೆ ನಾಲ್ಕು ಸಲ ಆಗಿದೆ. ಫೋಟೋದ ಬಾಬಾಸಾಹೇಬರನ್ನ ಹಾಲಿನಿಂದ ಒಳಗಿನ ರೂಮಿಗೆ ಹಾಕಿ ಬಾಡಿಗೆಗಿದ್ದೋರು ಈ ಪೋಸ್ಟ್ ಓದ್ತಾ ಇದ್ದೀರಿ, ನಂಗೆ ಗೊತ್ತು. ಸ್ವಂತ ಮನೆ ನಮಗೆ ಆಸ್ತಿ ಅಲ್ಲ, ಈ ಪ್ರಶ್ನೆ ಕೇಳಿಸ್ಕೊಳ್ಳದೆ ಬಾಗಿಲು ತೆಗೆಯೋ ಹಕ್ಕು.

ಈಗ "ತೀರಿಸ್ಕೊಂಡು ಬನ್ನಿ" ಅಂದಾಗ ನಿಜವಾಗಿ ಏನಾಗುತ್ತೆ ಕೇಳಿ. ಕೈಲಿ ಎರಡೂವರೆ ಲಕ್ಷ ಉಳಿತಾಯ ಇದೆ ಅನ್ನಿ. ಅದನ್ನ ಸಾಲಕ್ಕೆ ಕಟ್ಟಿದ್ರೆ ಡೌನ್ ಪೇಮೆಂಟಿಗಿಲ್ಲ. ಡೌನ್ ಪೇಮೆಂಟಿಗೆ ಇಟ್ಕೊಂಡ್ರೆ ಸಾಲ ಸಿಗಲ್ಲ. 30 ಲಕ್ಷದವರೆಗಿನ ಗೃಹ ಸಾಲದಲ್ಲಿ ಮನೆ ಬೆಲೆಯ ಶೇ 90ರವರೆಗೆ ಕೊಡಬಹುದು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ, ಅಷ್ಟೂ ಕೊಡಲೇಬೇಕು ಅಂತೇನಿಲ್ಲ. ಉಳಿದದ್ದು ನಮ್ಮ ಜೇಬಿಂದ. ಮುದ್ರಾಂಕ ಶುಲ್ಕ ಬೇರೆ. ನೋಂದಣಿ ಶುಲ್ಕವನ್ನ ನಮ್ಮ ರಾಜ್ಯ ಸರ್ಕಾರ 2025ರ ಆಗಸ್ಟ್ ಕೊನೇಲಿ ಶೇ 1ರಿಂದ 2ಕ್ಕೆ ಏರಿಸಿತು. 25 ಲಕ್ಷದ ಮನೆಗೆ ಅದೊಂದೇ 50,000.

ಆಗ ಏನ್ಮಾಡ್ತೀವಿ? ಹೆಂಡತಿ ಕಡೆ ತಿರುಗ್ತೀವಿ. ಕಿವಿಯೋಲೆ ಗಿರವಿಗೆ ಹೋಗುತ್ತೆ. ಅವಳ ಹೆಸರಲ್ಲಿ ಮೈಕ್ರೋಫೈನಾನ್ಸ್ ಸಂಘದ ಸಾಲ ಎತ್ತಿ ನಮ್ಮ ಪರ್ಸನಲ್ ಲೋನ್ ಮುಚ್ತೀವಿ. ಗಂಡನ ಫೈಲು ಕ್ಲೀನು, ಹೆಂಡತಿ ವಾರ ವಾರ ಸಂಘದ ಮುಂದೆ ತಲೆ ತಗ್ಗಿಸಿ ಕೂರೋದು. ಮೈಕ್ರೋಫೈನಾನ್ಸ್ ಸಾಲ ಇರೋದು ವರ್ಷಕ್ಕೆ 3 ಲಕ್ಷದೊಳಗಿನ ಆದಾಯದ ಕುಟುಂಬಕ್ಕೆ, ಕಂತೆಲ್ಲ ಸೇರಿ ಆದಾಯದ ಅರ್ಧ ದಾಟಬಾರದು ಅಂತ 2022ರ ರಿಸರ್ವ್ ಬ್ಯಾಂಕ್ ನಿಯಮ ಹೇಳುತ್ತೆ. ಫಾರಂ ತುಂಬೋ ಏಜೆಂಟನಿಗೆ ಆ ಅರ್ಧ ಎಲ್ಲಿ ಕಾಣುತ್ತೆ? ಆಮೇಲೆ ಗೃಹ ಸಾಲಕ್ಕೆ ಇಬ್ಬರ ಹೆಸರಲ್ಲೂ ಅರ್ಜಿ ಹಾಕ್ತೀವಿ. ಬ್ಯಾಂಕು ಅವಳ ರಿಪೋರ್ಟೂ ತೆಗೆಯುತ್ತೆ. ಸಂಘದ ಸಾಲ ಅಲ್ಲೂ ಕೂತಿರುತ್ತೆ. ನಮ್ಮೂರ ಗೆಳೆಯನ ಅರ್ಜಿ ತಿರಸ್ಕಾರ ಆಗಿದ್ದು ಹೀಗೇ. ಬೈಸ್ಕೊಂಡವಳು ಅವನ ಹೆಂಡತಿ. ಆ ಯಪ್ಪ ಜಯಂತಿ ವೇದಿಕೇಲಿ ಹಿಂದೂ ಕೋಡ್ ಬಿಲ್ ಬಗ್ಗೆ ಚೆನ್ನಾಗಿ ಮಾತಾಡ್ತಾನೆ.

2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಳ್ಳೇದೇ. ಆದ್ರೆ ಅದು ಮನೆ ಬಾಗಿಲಿಗೆ ಬಂದು ಕೂಗಾಡೋನಿಗೆ ಮಾತ್ರ. ಕೂಗಾಡದೆ ನಗ್ತಾ ನಗ್ತಾ ಸಾಲವನ್ನ ಗಂಡನಿಂದ ಹೆಂಡತಿಗೆ ದಾಟಿಸೋ ವ್ಯವಸ್ಥೆಗೆ ಯಾವ ಕಲಮ್ಮೂ ಇಲ್ಲ.

ಇನ್ನೊಂದು ಮೋಸ ಇದೆ, ಅದನ್ನ ಬಿಡಿಸಿ ಹೇಳಲೇಬೇಕು. "ಅರ್ಧ ಕಟ್ಟಿ, ಸೆಟಲ್‌ಮೆಂಟ್ ಮಾಡಿಸ್ತೀವಿ" ಅಂತ ಫೋನ್ ಬರುತ್ತೆ. ಕಟ್ಟಿದ್ರೆ ರಿಪೋರ್ಟಲ್ಲಿ "ಕ್ಲೋಸ್ಡ್" ಅಂತ ಬರಲ್ಲ, "ಸೆಟಲ್ಡ್" ಅಂತ ಬರುತ್ತೆ. ಗೃಹ ಸಾಲ ಕೊಡೋನಿಗೆ ಅದು ಪೂರ್ತಿ ಕಟ್ಟದೋನ ಗುರುತು. ನಿಜಕ್ಕೂ ಅನ್ನಕ್ಕೇ ಕುತ್ತು ಬಂದಿದ್ರೆ ಸೆಟಲ್‌ಮೆಂಟ್ ಮಾಡ್ಕೊಳ್ಳಿ, ಯಾರ ಮುಂದೆಯೂ ನಾಚಿಕೆ ಬೇಡ. ಮನೆ ಸಾಲ ಬೇಗ ಸಿಗಲಿ ಅಂತ ಮಾತ್ರ ಮಾಡಬೇಡಿ. ಪೂರ್ತಿ ಕಟ್ಟಿದ ಮೇಲೆ ನೋ ಡ್ಯೂಸ್ ಪತ್ರ ಇಸ್ಕೊಳ್ದೆ ಎದ್ದು ಬರಬೇಡಿ. 2025ರ ಜನವರಿಯಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದ್ರೂ ಬ್ಯಾಂಕು ವಿವರ ಕಳಿಸಬೇಕು. ತಪ್ಪಿದ್ರೆ ದೂರು ಕೊಡಿ, 30 ದಿನದೊಳಗೆ ಸರಿ ಮಾಡದಿದ್ರೆ ದಿನಕ್ಕೆ 100 ರೂಪಾಯಿ ಪರಿಹಾರ ನಮಗೆ ಬರಬೇಕು. ಇದೂ ಹಕ್ಕೇ. ಯಾವ ಅಧ್ಯಯನ ಶಿಬಿರದಲ್ಲಿ ಹೇಳಿಕೊಟ್ಟಿದ್ದೀವಿ?

ಇಷ್ಟೆಲ್ಲ ಗೆದ್ದು, ಹೊಸ ಮನೆ ಬೇಡ, ಕೇರಿಯಲ್ಲಿರೋ ಅಪ್ಪನ ಮನೇನೇ ಕೆಡವಿ ಕಟ್ಟೋಣ ಅಂದ್ರೆ? ಹಕ್ಕುಪತ್ರ ತಾತನ ಹೆಸರಲ್ಲಿ, ತಾತನಿಗೆ ನಾಲ್ಕು ಜನ ಮಕ್ಕಳು, ಪಂಚಾಯ್ತಿಯಲ್ಲಿ ಇ-ಸ್ವತ್ತು ಆಗಿಲ್ಲ. ಫಾರಂ 9, ಫಾರಂ 11 ಇಲ್ಲದೆ ಬ್ಯಾಂಕಿನವರು ಫೈಲನ್ನೇ ಮುಟ್ಟಲ್ಲ. 800 ಸ್ಕೋರ್ ಇಟ್ಕೊಂಡು ಉಪ್ಪು ಹಾಕ್ಕೊಂಡು ನೆಕ್ಕಬೇಕು. ಶಿಸ್ತಿನ ಪಾಠ ಹೇಳೋರು ಈ ಕಾಗದ ಯಾಕಿಲ್ಲ ಅಂತ ತಾಲ್ಲೂಕು ಪಂಚಾಯ್ತಿ ಮುಂದೆ ನಮ್ಮ ಜೊತೆ ಒಂದು ದಿನ ಕೂರಲಿ.

ನಮ್ಮ ಸಂಘಟನೆಯವರಿಗೂ ಒಂದು ಮಾತು. ಬಡ್ತಿ ಮೀಸಲಾತಿ ಬಗ್ಗೆ ಮೂರು ಗಂಟೆ ಮಾತಾಡ್ತೀವಿ, ಬಡ್ತಿ ಸಿಕ್ಕ ಹಣ ಯಾವ ಬಡ್ಡಿಗೆ ಹೋಗ್ತಿದೆ ಅಂತ ಮೂರು ನಿಮಿಷ ಮಾತಾಡಲ್ಲ. ರೂಪಾಯಿಯ ಸಮಸ್ಯೆ ಬಗ್ಗೆ 1923ರಲ್ಲಿ ಪುಸ್ತಕ ಬರೆದ ಅರ್ಥಶಾಸ್ತ್ರಜ್ಞನ ಅನುಯಾಯಿಗಳು ನಾವು. ಸಾಲ ಅಂದ ತಕ್ಷಣ ಮಾನ ಹೋಗುತ್ತೆ ಅಂತ ಮುಚ್ಚಿಡ್ತೀವಿ, ಕಾಮ್ರೇಡಿಗೆ ಜಾಮೀನು ಸಹಿ ಹಾಕೋದನ್ನ ಮಾತ್ರ ಮರ್ಯಾದೆ ವಿಷಯ ಮಾಡ್ಕೊಂಡಿದ್ದೀವಿ. ಅವನು ಕಟ್ಟದಿದ್ರೆ ನಮ್ಮ ರಿಪೋರ್ಟಿಗೂ ಕಪ್ಪು ಚುಕ್ಕೆ.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಅಧ್ಯಯನ ಬಳಗದ ಮಾಮೂಲಿ ಜಾಗದಲ್ಲೇ ಸೇರೋಣ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್, ನಾಲ್ಕೂ ಕಡೆ ವರ್ಷಕ್ಕೊಂದು ರಿಪೋರ್ಟ್ ಪುಕ್ಕಟೆ. ಮೊಬೈಲು, ಪ್ಯಾನ್ ಕಾರ್ಡ್ ತನ್ನಿ, ತೆಗೆಯೋದು ತೋರಿಸ್ತೀನಿ. ಅಣ್ಣಂದಿರೇ, ಮನೆಯವರನ್ನೂ ಕರ್ಕೊಂಡು ಬನ್ನಿ, ಅವರ ಹೆಸರಿನ ಸಾಲ ಎಷ್ಟಿದೆ ಅಂತ ಅವರ ಬಾಯಿಂದಲೇ ಕೇಳೋಣ. ಟೀ ಖರ್ಚು ನಂದು.

ಜೈಭೀಮ್