ಗುವಾಹಾಟಿಯ ಆ ಒಂದು ಗೋಲು

ರಾಂಜಣಗಾಂವದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬಂದು, ಬೆಂಗಳೂರು ತಂಡದ ಕಾಲ್ಚೆಂಡಾಟ ನೋಡಲು ನಾವು ನಾಲ್ಕಾರು ಮನೆಯವರು ಒಟ್ಟಿಗೆ ಕೂಡುವುದುಂಟು. ಹಾಗೆ ನೋಡಿದ ಒಂದು ಕಥೆಯನ್ನು ಈ ಸಲ ಹೇಳುತ್ತೇವೆ.

2022-23ರ ಇಂಡಿಯನ್ ಸೂಪರ್ ಲೀಗಿನಲ್ಲಿ ಬೆಂಗಳೂರು ಎಫ್‌ಸಿ ಸೋಲಿನ ಮೇಲೆ ಸೋಲುಂಡು ಪಟ್ಟಿಯಲ್ಲಿ ಕೆಳಗಿಳಿದಿತ್ತು. ಡಿಸೆಂಬರ್ ಕೊನೆಗೆ ಕಲ್ಕತ್ತೆಯಲ್ಲಿ ಈಸ್ಟ್ ಬೆಂಗಾಲ್ ತಂಡ ಕಡೆಯ ಗಳಿಗೆಯ ಗೋಲಿನಿಂದ ಅದನ್ನು ಸೋಲಿಸಿತು. ಮುಂದಿನ ಆಟ ಗುವಾಹಾಟಿಯಲ್ಲಿ, ಪಟ್ಟಿಯ ತಳದಲ್ಲಿದ್ದ ನಾರ್ತ್ ಈಸ್ಟ್ ತಂಡದೊಡನೆ. ಅಲ್ಲಿಯೂ 1-1! ತೊಂಬತ್ತು ನಿಮಿಷ ಕಳೆದ ಮೇಲೆ ಅಲನ್ ಕೋಸ್ಟಾ ಗೋಲು ಹೊಡೆದು ಗೆಲ್ಲಿಸಿದ.

ಇದೇನು ಮಹಾ ಗೆಲುವು ಎನ್ನಬಹುದು. ಆದರೆ ಅಲ್ಲಿಂದ ಲೀಗಿನಲ್ಲಿ ಸಾಲಾಗಿ ಎಂಟು ಜಯ! 18 ಪಂದ್ಯಗಳಲ್ಲಿ ಸೋಲನ್ನೇ ಕಾಣದಿದ್ದ ಮುಂಬಯಿ ತಂಡವೂ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಮಣಿಯಿತು. ತಂಡ ಫೈನಲ್ ಮುಟ್ಟಿತು. ಗೋವೆಯಲ್ಲಿ ಪೆನಾಲ್ಟಿಗಳಲ್ಲಿ ಕಪ್ ಕೈತಪ್ಪಿತು, ನಿಜ.

ಊರು ಬಿಟ್ಟು ಬಂದು ಮರಾಠಿ ಶಾಲೆ ಸೇರಿದ ಮಗು ಮೊದಲ ಪರೀಕ್ಷೆಯಲ್ಲಿ ಹಿಂದೆ ಬಿದ್ದು ಕಣ್ಣೀರಿಟ್ಟರೆ, ತಾಯ್ತಂದೆಯರೇ, ಮುಂಬಯಿಯನ್ನು ಗೆದ್ದ ಕಥೆ ಆಮೇಲಿರಲಿ. ಗುವಾಹಾಟಿಯದನ್ನು ಹೇಳಿರಿ. ಮೊದಲು ಒಂದು ಲೆಕ್ಕ ಸರಿಯಾದರೆ ಸಾಕು.