ಟಕಟಕ ಅಂದ್ರೆ ಎಂಜಿನ್ ಬಿಚ್ಚಬೇಕಾ?

ಭೀಮನಬೀಡಿನಿಂದ ಗುಂಡ್ಲುಪೇಟೆಗೆ ಟೊಮೆಟೊ ಹೊರುವ ಹಳೇ ಓಮ್ನಿ ಟಕಟಕ ಅಂದರೆ ಸಾಕು, 'ಎಂಜಿನ್ ಹೋಯ್ತು, ಹೆಡ್ ಬಿಚ್ಚಬೇಕು' ಎನ್ನುವವರಿದ್ದಾರೆ. ನಾವು ಒಪ್ಪಲ್ಲ. ಸಾಲದಲ್ಲಿ ಗಾಡಿ ಓಡಿಸುವವನಿಗೆ ಅದು ಒಂದು ಬೆಳೆಯ ದುಡ್ಡು.

ಇನ್ನು ಕೆಲವರು 'ಹೈಡ್ರಾಲಿಕ್ ಲಿಫ್ಟರ್ ಬದಲಿಸಿ' ಅಂತಾರೆ. 796 ಸಿಸಿ ಓಮ್ನಿಯಲ್ಲಿ ಅದು ಇದ್ದರೆ ತಾನೇ! ಅಲ್ಲಿರುವುದು ಸ್ಕ್ರೂ ಟ್ಯಾಪೆಟ್. ಮೇಲಿನ ಕವರ್ ತೆಗೆದು, ಫಿಲ್ಲರ್ ಗೇಜ್ ಇಟ್ಟು ಗ್ಯಾಪ್ ಸರಿಮಾಡಿದರೆ ಸಾಮಾನ್ಯವಾಗಿ ಸದ್ದು ನಿಲ್ಲುತ್ತೆ.

ಹೈಡ್ರಾಲಿಕ್ ಇರುವ ಗಾಡಿಯಲ್ಲೂ ಮೊದಲು ಆಯಿಲ್ ನೋಡಿ. ಲಿಫ್ಟರ್ ಒಳಗೆ ತುಂಬಿಕೊಂಡು ಗ್ಯಾಪ್ ಮುಚ್ಚುವುದೇ ಆಯಿಲ್. ಅದು ಕಡಿಮೆಯಾದರೆ, ಮಡ್ಡಿಗಟ್ಟಿದರೆ ಸದ್ದು. ಸರಿಯಾದ ಗ್ರೇಡಿನ ಆಯಿಲ್, ಹೊಸ ಫಿಲ್ಟರ್ ಹಾಕಿಸಿ ಓಡಿಸಿ. ಆಮೇಲೂ ನಿಲ್ಲದಿದ್ದರೆ ಸದ್ದು ಮಾಡುವ ಲಿಫ್ಟರ್ ಹುಡುಕಲಿ. ಆಯಿಲ್ ಲೈಟ್ ಉರಿದರೆ ಮಾತ್ರ ತಕ್ಷಣ ಎಂಜಿನ್ ನಿಲ್ಲಿಸಿ.

ಹೆಡ್ಡಿಗೆ ಸ್ಪ್ಯಾನರ್ ಹಾಕುವ ಮುಂಚೆ ಕೇಳಿ: 'ಅಣ್ಣ, ಗೇಜ್ ಇಟ್ಟು ನೋಡಿದ್ರಾ?'