ಗಾಲಿಯ ಮೇಲಿನ ಅಡುಗೆಮನೆ

"ಅತ್ತಿಗೆ, ನಿಮ್ಮ ಅಡುಗೆಮನೆಗೆ ಎಂಥಾ ಕಿಟಕಿ ಸಿಕ್ಕಿದೆ ನೋಡಿ!" ಎಂದು ಮೈದುನ ಹೊರಗಿನಿಂದ ಇಣುಕಿ ನಕ್ಕ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ನಡುವೆ ನಿಂತ ಮೋಟರ್‌ಹೋಮಿನೊಳಗೆ ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಉಳಿದವರೆಲ್ಲ ಅಲೆಗೆ ಕಾಲು ಕೊಟ್ಟು ನಿಂತಿದ್ದರು.

ಮಂಗಳೂರಿನಿಂದ ಹೊರಟದ್ದು ಅದೇ ಬೆಳಿಗ್ಗೆ. ಕಾರವಾರದವರೆಗಿನ ಹೆದ್ದಾರಿ 66, ಹಿಂದೆ ನಾವೆಲ್ಲ 17 ಎನ್ನುತ್ತಿದ್ದ ರಸ್ತೆ, ಒಂದು ದಿನದ ದಾರಿ. ಅದನ್ನು 5 ದಿನ ಮಾಡಿ, ಮನಸ್ಸಾದಲ್ಲಿ ನಿಂತು ಆರಾಮವಾಗಿ ಹೋಗುವುದೆಂದು ನಮ್ಮವರೂ ಮೈದುನನೂ ಲೆಕ್ಕ ಹಾಕಿದ್ದರು. ಬಾಡಿಗೆಗೆ ತಂದ ಗಾಡಿಯಲ್ಲಿ ಮಂಚವಿತ್ತು, ಫ್ರಿಜ್ ಇತ್ತು, ಎರಡು ಬರ್ನರಿನ ಒಲೆಯಿತ್ತು. "ಮನೆಯೇ ಜೊತೆಗೆ ಬರುತ್ತದೆ" ಎಂದು ಎಲ್ಲರಿಗೂ ಸಂಭ್ರಮ. ಮನೆ ಬಂದರೆ ಮನೆಗೆಲಸ ಮಾತ್ರ ಹಿಂದೆ ಉಳಿದೀತೇ? ಇದು ನನಗೂ ಹೊಳೆಯಲಿಲ್ಲ. ಹಿಂದಿನ ರಾತ್ರಿ ಹನ್ನೊಂದರವರೆಗೆ ಸಾಸಿವೆ, ಅರಿಶಿನ, ಉಪ್ಪಿನಕಾಯಿ ಡಬ್ಬಿಗಳನ್ನು ತುಂಬಿದವಳು ನಾನೇ.

ತಮಾಷೆ ನೋಡಿ, ಮರವಂತೆಗೆ ಬರುವ ಮೊದಲು ನಾವು ದಾಟಿದ ಊರು ಉಡುಪಿ! ದೇಶದ ಮೂಲೆಮೂಲೆಯಲ್ಲೂ ಹೋಟೆಲಿನ ಬೋರ್ಡಿನ ಮೇಲೆ ಯಾವ ಊರಿನ ಹೆಸರಿದೆಯೋ, ಆ ಊರನ್ನು ಹಸಿದ ಹೊಟ್ಟೆಯಲ್ಲಿ ದಾಟಿ ಬಂದು ನಾನು ಉಪ್ಪಿಟ್ಟು ತೊಳಸಬೇಕೆ? "ಹೋಟೆಲಿಗೆ ಸುಮ್ಮನೆ ದುಡ್ಡು ಯಾಕೆ" ಎಂಬುದು ಮನೆಯವರ ಉತ್ತರ. ಗಾಡಿಯ ಒಂದು ದಿನದ ಬಾಡಿಗೆಯಲ್ಲಿ ನಾವು 6 ಜನ ಐದೂ ದಿನ ದೋಸೆ ತಿನ್ನಬಹುದಿತ್ತು. ಬಾಡಿಗೆ ಕೊಡುವಾಗ ನೆನಪಾಗದ ಉಳಿತಾಯ ಹೆಂಗಸಿನ ರಟ್ಟೆಯ ಹತ್ತಿರ ಬಂದಾಗ ಮಾತ್ರ ನೆನಪಾಗುವುದು ಹೇಗೆ? ಮನೆಯೂಟ ಆರೋಗ್ಯಕ್ಕೆ ಒಳ್ಳೆಯದೆನ್ನುತ್ತಾರೆ. ಒಪ್ಪಿದೆ. ಆರೋಗ್ಯ ಬೇಕಾದವರಿಗೂ ಎರಡು ಕೈಗಳಿವೆ, ಸೌಟು ಹಿಡಿಯಲಿ.

ಹಾಗೆಂದು ಆ ಗಾಡಿಯನ್ನು ಪೂರ್ತಿ ಹಳಿಯಲಾರೆ. ಅದರಲ್ಲೊಂದು ಶೌಚಾಲಯವಿತ್ತು. ಅದರ ಬೆಲೆ ಹೆಂಗಸರಿಗೇ ಗೊತ್ತು. ದೂರದ ಬಸ್ಸು ಹತ್ತುವ ದಿನ ನಾವು ಬೆಳಗಿನ ಕಾಫಿಯನ್ನೂ ಬಿಟ್ಟವರು. ಬಾಟಲಿಯ ನೀರಿನಿಂದ ಬರೀ ತುಟಿ ಒದ್ದೆ ಮಾಡಿಕೊಂಡು, ಬಂಕು ಬಂದರೆ ಬೀಗ ಇರದಿರಲೆಂದು ಹರಕೆ ಹೊತ್ತವರು. ಆ ಬೆಳಿಗ್ಗೆ ಮೊದಲ ಸಲ ದಾರಿಯುದ್ದಕ್ಕೂ ಹೊಟ್ಟೆ ತುಂಬ ನೀರು ಕುಡಿದೆ. ಹೆಂಗಸಿಗೆ ಪ್ರವಾಸದ ಸುಖ ಶುರುವಾಗುವುದೇ ಅಲ್ಲಿಂದ. ಆದರೆ ಗಾಡಿಯನ್ನು ಹೊಗಳುವವರು ಮೊದಲು ತೋರಿಸುವುದು ಒಲೆಯನ್ನು!

ಕೇರಳ ಸರಕಾರ 2021ರಲ್ಲೇ ಇಂಥ ಗಾಡಿಗಳ ಪ್ರವಾಸಕ್ಕೆ ಒಂದು ನೀತಿಯನ್ನು ತಂದಿತು. ನಮ್ಮ ಕರಾವಳಿಯಲ್ಲೂ ಇವು ಹೆಚ್ಚಲಿ, ಬೇಡವೆನ್ನುವುದಿಲ್ಲ. ಆದರೆ ಗಾಡಿ ಬಾಡಿಗೆಗೆ ಹಿಡಿಯುವಷ್ಟು ದುಡ್ಡು ಎಷ್ಟು ಹೆಂಗಸರ ಹತ್ತಿರ ಇದ್ದೀತು? ಹೆದ್ದಾರಿಯ ಬದಿಯಲ್ಲಿ ನೀರಿರುವ, ಚಿಲಕವಿರುವ ಶೌಚಾಲಯಗಳಿದ್ದರೆ ಬಸ್ಸಿನಲ್ಲಿ ಹೋಗುವ ಮೀನಿನ ಬುಟ್ಟಿಯವಳಿಗೂ ಕಾಲೇಜಿನ ಹುಡುಗಿಗೂ ಅದೇ ಸುಖ ಸಿಗುತ್ತದೆ. ಮೊದಲು ಅದಾಗಲಿ.

ಮತ್ತೆ ಮನೆಯೊಳಗಿನ ಮಾತು. ಇಂಥ ಪ್ರವಾಸಕ್ಕೆ ಹೊರಡುವ ಮುನ್ನ ಟಯರು, ಡೀಸೆಲ್, ನೀರಿನ ಟ್ಯಾಂಕು ಎಲ್ಲವನ್ನೂ ನೋಡುತ್ತಾರೆ. ಒಲೆ ಯಾರ ಪಾಲಿಗೆ ಎಂದು ಯಾರೂ ಕೇಳುವುದಿಲ್ಲ. ನಾವೇ ಕೇಳಬೇಕು, ಅದೂ ಗಾಡಿ ಅಂಗಳದಲ್ಲಿರುವಾಗಲೇ. ಹೊರಟ ಮೇಲೆ ಕೇಳಿದರೆ ಅದು ಜಗಳವೆನಿಸಿಕೊಳ್ಳುತ್ತದೆ.

ನನ್ನದು ಜಗಳವೇ ಆಯಿತು. ರವೆ ಅರ್ಧ ಹುರಿದಿತ್ತು. ಗ್ಯಾಸು ಆರಿಸಿ, ಸೆರಗು ಸಿಕ್ಕಿಸಿಕೊಂಡು ಕೆಳಗಿಳಿದೆ. "ಉಪ್ಪಿಟ್ಟು?" ಎಂದರು ನಮ್ಮವರು. "ಕಿಟಕಿ ಬಹಳ ಚೆನ್ನಾಗಿದೆಯಂತೆ, ನೀವೂ ಒಮ್ಮೆ ನಿಂತು ನೋಡಿ" ಎಂದು ಸೌಟನ್ನು ಅವರ ಕೈಗಿಟ್ಟು ನೀರಿನ ಕಡೆಗೆ ನಡೆದೆ.

ಉಪ್ಪಿಟ್ಟು ತಳ ಹಿಡಿದಿತ್ತು. ಎರಡು ಸಲ ಹಾಕಿಸಿಕೊಂಡು ತಿಂದೆ.